ವಿಶ್ವವಿದ್ಯಾಲಯದ ಸಂಶೋಧನೆಯಿಂದ ಜನರ ಬದುಕಿಗೆ ಏನು ಸಿಗುತ್ತದೆ?

ಪ್ರಶ್ನೆ:
ನಾನು ಸಸ್ಯವಿಜ್ಞಾನ ವಿಭಾಗದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಬಂಡೆಗಳ ಮೇಲೆ ಬೆಳೆಯುವ ಕಲ್ಲುಹೂವುಗಳು ನನ್ನ ವಿಷಯ. ಇವುಗಳಲ್ಲಿ ಕೆಲವು ವರ್ಷಕ್ಕೆ ಒಂದು ಮಿಲಿಮೀಟರಿನಷ್ಟೂ ಹಿಗ್ಗುವುದಿಲ್ಲ; ಹೀಗಾಗಿ ಹಿಂದಿನ ಸಲ ಗುರುತು ಹಾಕಿದ್ದ ಅಂಚಿನ ಪಕ್ಕ ಮಂಡಿಯೂರಿ ಕುಳಿತು, ಕೂದಲೆಳೆಯಷ್ಟು ವ್ಯತ್ಯಾಸವನ್ನು ಅಳೆದು ಬರೆದುಕೊಳ್ಳುವುದೇ ನನ್ನ ಕೆಲಸ. ಮೊನ್ನೆ ನಮ್ಮ ದೊಡ್ಡಪ್ಪ, "ಇದರಿಂದ ಯಾರಿಗೆ ಏನು ಉಪಯೋಗವಪ್ಪಾ?" ಎಂದು ಕೇಳಿದರು. ಹಂಗಿಸಲು ಕೇಳಿದ್ದಲ್ಲ, ತಿಳಿದುಕೊಳ್ಳಲೆಂದೇ ಕೇಳಿದ್ದು. ನನಗೆ ಉತ್ತರ ಹೊಳೆಯಲಿಲ್ಲ. ಜನರ ತೆರಿಗೆಯಿಂದ ನಡೆಯುವ ಸಂಶೋಧನೆಗೆ, ಅದರ ಉಪಯೋಗವನ್ನು ಮೊದಲೇ ತೋರಿಸಬೇಕೆಂಬ ಷರತ್ತು ಹಾಕುವುದು ಸರಿಯೇ?

ಉತ್ತರ 1:
ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಕ್ಲೇರ್ ಪ್ಯಾಟರ್ಸನ್ ಹುಡುಕಲು ಹೊರಟಿದ್ದು ಭೂಮಿಯ ವಯಸ್ಸನ್ನು. ಉಲ್ಕಾಶಿಲೆಗಳಲ್ಲಿರುವ ಸೀಸವನ್ನು ಅಳೆದು, ಅದು ಸುಮಾರು 455 ಕೋಟಿ ವರ್ಷ ಎಂದು ಅವರು 1956ರಲ್ಲಿ ಪ್ರಕಟಿಸಿದರು. ಆದರೆ ಆ ಅಳತೆ ಅಷ್ಟು ಸುಲಭವಾಗಿ ಕೈಗೆ ಸಿಕ್ಕಿರಲಿಲ್ಲ. ಗಾಳಿ, ಧೂಳು, ಪಾತ್ರೆ, ಕೊನೆಗೆ ಮನುಷ್ಯನ ಮೈಯಿಂದಲೂ ಸೀಸ ಬಂದು ಮಾದರಿಯೊಳಗೆ ಸೇರುತ್ತಿತ್ತು. ಇಷ್ಟೊಂದು ಸೀಸ ಎಲ್ಲಿಂದ ಬಂತು ಎಂದು ಬೆನ್ನು ಹತ್ತಿದ ಅವರು, ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸವು ಗಾಳಿಯನ್ನೂ ಜನರ ರಕ್ತವನ್ನೂ ಕೆಡಿಸುತ್ತಿದೆ ಎಂದು 1960ರ ದಶಕದಲ್ಲಿ ಎಚ್ಚರಿಸಿ, ಉದ್ಯಮದ ವಿರೋಧವನ್ನೂ ಕಟ್ಟಿಕೊಂಡರು. ವಾಹನಗಳಿಗೆ ಅಂಥ ಪೆಟ್ರೋಲು ಮಾರುವುದು ಜಗತ್ತಿನಾದ್ಯಂತ ನಿಂತದ್ದು 2021ರಲ್ಲಿ. ಭೂಮಿಯ ವಯಸ್ಸು ತಿಳಿದು ಯಾರಿಗೇನಾಗಬೇಕು ಎಂದು ಆರಂಭದಲ್ಲೇ ಹಣ ನಿಲ್ಲಿಸಿದ್ದರೆ, ಈ ಎಚ್ಚರಿಕೆ ಇನ್ನೆಷ್ಟು ತಡವಾಗುತ್ತಿತ್ತೋ.

ಉತ್ತರ 2:
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಅರ್ಧ ಮಾತ್ರ. ಎಂದೋ ಒಂದು ದಿನ ಉಪಯೋಗಕ್ಕೆ ಬರಬಹುದು ಎಂಬ ಸಮಾಧಾನದಲ್ಲಿ ಎಷ್ಟೋ ಪ್ರಬಂಧಗಳು ಪದವಿ ಸಿಕ್ಕ ಮರುದಿನವೇ ಕಪಾಟು ಸೇರುತ್ತವೆ, ಇದು ನನಗೆ ಬಹಳ ನೋವು ಕೊಡುವ ಸಂಗತಿ. 1933ರ ಚಳಿಗಾಲದಲ್ಲಿ ಒಬ್ಬ ರೈತ ಸತ್ತ ಕರು, ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನು ಮತ್ತು ಹಾಳಾದ ಒಣಮೇವನ್ನು ಹೇರಿಕೊಂಡು ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಬಂದ. ಅಲ್ಲಿನ ಕಾರ್ಲ್ ಪಾಲ್ ಲಿಂಕ್ ಅವರ ಪ್ರಯೋಗಾಲಯವು ರಕ್ತವನ್ನು ಹೆಪ್ಪುಗಟ್ಟಲು ಬಿಡದ ವಸ್ತುವನ್ನು ಆ ಬಗೆಯ ಮೇವಿನಿಂದ ಬೇರ್ಪಡಿಸಲು ಸುಮಾರು ಆರು ವರ್ಷ ದುಡಿಯಿತು. ಅದೇ ಜಾಡಿನಲ್ಲಿ ಸಿದ್ಧವಾದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂದು, 1954ರಲ್ಲಿ ಮನುಷ್ಯರ ಔಷಧಿಯಾಯಿತು. ಹೃದ್ರೋಗಿಗಳು ಇಂದಿಗೂ ಅದನ್ನು ನುಂಗುತ್ತಿದ್ದಾರೆ. ಆ ರೈತನಿಗೆ ಬಾಗಿಲು ತೆರೆದಿತ್ತು. ನಮ್ಮ ವಿಭಾಗಗಳ ಬಾಗಿಲು ಹಾಗೆ ತೆರೆದಿದೆಯೇ? ನಾವು ಕಂಡುಕೊಂಡದ್ದನ್ನು ಜನ ಓದುವ ಭಾಷೆಯಲ್ಲಿ ಒಂದು ಪುಟವಾದರೂ ಬರೆದಿದ್ದೇವೆಯೇ?

ಉತ್ತರ 3:
ಯಾವುದು ಉಪಯುಕ್ತ ಎಂಬುದು ಎಷ್ಟೋ ಸಲ ವಿಶ್ವವಿದ್ಯಾಲಯಕ್ಕೇ ತಿಳಿಯುವುದಿಲ್ಲ. ಎಂಆರ್‌ಎನ್‌ಎ (ಯಾವ ಪ್ರೋಟೀನು ತಯಾರಿಸಬೇಕೆಂದು ಜೀವಕೋಶಕ್ಕೆ ಸೂಚನೆ ಒಯ್ಯುವ ಅಣು) ಸಂಶೋಧನೆಗೆ ಅನುದಾನ ಸಿಗದೆ 1995ರಲ್ಲಿ ಹಿಂಬಡ್ತಿ ಪಡೆದಿದ್ದ ಕ್ಯಾಟಲಿನ್ ಕಾರಿಕೊ ಅವರಿಗೆ, ಕೋವಿಡ್ ಲಸಿಕೆಗೆ ದಾರಿ ಮಾಡಿಕೊಟ್ಟ ಅದೇ ಕ್ಷೇತ್ರದ ಕೆಲಸಕ್ಕೆ 2023ರಲ್ಲಿ ನೊಬೆಲ್ ಬಂತು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಎರಡನೆಯ ಉತ್ತರ ಓದಿದ ಮೇಲೆ ದೊಡ್ಡಪ್ಪನಿಗೆ ಫೋನ್ ಮಾಡಿದೆ. ಕಲ್ಲುಹೂವಿಗೆ ಬೇರಿಲ್ಲ, ಬೇಕಾದದ್ದನ್ನೆಲ್ಲ ಹೆಚ್ಚಾಗಿ ಗಾಳಿ ಮತ್ತು ಮಳೆಯಿಂದಲೇ ಹೀರಿಕೊಳ್ಳುತ್ತದೆ, ಆದ್ದರಿಂದ ಗಂಧಕದ ಹೊಗೆ ಹೆಚ್ಚಾದ ಕಡೆ ಅದರ ಅನೇಕ ಜಾತಿಗಳು ಉಳಿಯುವುದಿಲ್ಲ ಎಂದು ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಮ್ಮ ರಸ್ತೆಯ ಮರಗಳ ಮೇಲೆ ಯಾವುದು ಉಳಿದಿದೆ, ಯಾವುದು ಹೋಗಿದೆ, ನೋಡಿದ್ದೀಯಾ?" ಎಂದರು. ನೋಡಿರಲಿಲ್ಲ. ಮುಂದಿನ ವಾರ ಅಳತೆಗೋಲು ಹಿಡಿದು ಅಲ್ಲಿಗೇ ಹೋಗುತ್ತಿದ್ದೇನೆ.