ಲಗಾಮೋ, ಆಳ್ವಿಕೆಯೋ?

ಯಾರಿಗಾದರೂ ಮನಸ್ಸಿಗೆ ಬಂದಂತೆ ಕೆಲಸ ಮಾಡಲು ಬಿಟ್ಟರೆ ಇಂಗ್ಲಿಷಿನಲ್ಲಿ 'ಫ್ರೀ ರೇನ್' ಕೊಟ್ಟರು ಅನ್ನುತ್ತಾರೆ. ಕನ್ನಡ ಲಿಪಿಯಲ್ಲಿ ಬರೆದರೆ ತಕರಾರೇ ಇಲ್ಲ. ಇಂಗ್ಲಿಷ್ ಲಿಪಿಯಲ್ಲಿ ಬರೆಯುವಾಗಲೇ ಎಡವಟ್ಟು. ನಾನಂತೂ ವರ್ಷಗಟ್ಟಲೆ ಆ ರೇನ್ ನಡುವೆ ಒಂದು 'ಜಿ' ತುರುಕುತ್ತಿದ್ದೆ. ಜಿ ಸೇರಿದರೆ ಅದು ರಾಜನ ಆಳ್ವಿಕೆ. ರಾಜ ಅಂದಮೇಲೆ ಅವನನ್ನು ಕೇಳುವವರು ಯಾರು? ಅರ್ಥ ಸರಿಯಾಗೇ ಕೂಡುತ್ತದೆ, ಅಲ್ವಾ? ಆದರೆ ಸರಿಯಾದದ್ದು ಜಿ ಇಲ್ಲದ ರೇನ್, ಅಂದರೆ ಕುದುರೆಯ ಲಗಾಮು. ಸವಾರ ಲಗಾಮು ಸಡಿಲ ಬಿಟ್ಟ, ಕುದುರೆ ತನಗೆ ಬೇಕಾದ ಕಡೆ ಹೊರಟಿತು. ನಾವೂ 'ನಾಲಿಗೆಗೆ ಲಗಾಮಿಲ್ಲ' ಅನ್ನುತ್ತೇವೆ. (ನಮ್ಮಲ್ಲಿ ಅದು ಬೈಗುಳ, ಅವರಲ್ಲಿ ಕೊಡುಗೆ!)

'ಟೋ ದ ಲೈನ್' ಕೂಡ ಹೀಗೇ. ಕೆಟ್ಟು ನಿಂತ ಗಾಡಿಯನ್ನು ಎಳೆದೊಯ್ಯುವ ಟೋ ನಮಗೆ ಜಾಸ್ತಿ ಪರಿಚಯ. ಹಾಗಾಗಿ ಯಾರದೋ ಹಗ್ಗ ಎಳೆಯುವ ಚಿತ್ರ ಕಣ್ಣಿಗೆ ಬರುತ್ತದೆ. ನಿಜಕ್ಕೂ ಇಲ್ಲಿರುವ ಟೋ ಕಾಲ್ಬೆರಳು. ಗೆರೆಗೆ ಬೆರಳು ತಾಗಿಸಿ, ಹೇಳಿದ ಜಾಗದಲ್ಲೇ ನಿಲ್ಲುವುದು. 'ಹಾಕಿದ ಗೆರೆ ದಾಟದವನು' ನೆನಪಾದರೆ ಮತ್ತೆ ತಪ್ಪಾಗುವುದಿಲ್ಲ.

ಉಸಿರು ಬಿಗಿಹಿಡಿದು ಕಾಯುವುದಕ್ಕೆ 'ಬೇಟೆಡ್ ಬ್ರೆತ್' ಅನ್ನುತ್ತಾರೆ. ಅದು ಶೇಕ್ಸ್‌ಪಿಯರನ ನಾಟಕದ ಪಾತ್ರ ಶೈಲಾಕ್ ಬಾಯಲ್ಲೇ ಬರುವ ಮಾತು. ಆ 'ಬೇಟ್', ತಗ್ಗು ಅನ್ನುವ ಅರ್ಥದ 'ಅಬೇಟ್'ನ ತುಂಡು. ಅದಕ್ಕೊಂದು 'ಐ' ಸೇರಿಸಿದರೆ ಗಾಳಕ್ಕೆ ಸಿಕ್ಕಿಸುವ ಎರೆಯಾಗುತ್ತದೆ. ಉಸಿರಿಗೆ ಎರೆಹುಳು ಸಿಕ್ಕಿಸಿ ಕಾಯುವುದು!

ಇವು ಸುಮ್ನೆ ಸ್ಪೆಲಿಂಗ್ ತಪ್ಪುಗಳಲ್ಲ. ಕೇಳಿದ ಸದ್ದಿಗೆ ತಲೆ ತನ್ನದೇ ಅರ್ಥ ಹೊಂದಿಸಿಕೊಂಡಿರುತ್ತದೆ. ಇಂಥವಕ್ಕೆ 2003ರಲ್ಲಿ ಭಾಷಾತಜ್ಞ ಜೆಫ್ರಿ ಪುಲಮ್ 'ಎಗ್‌ಕಾರ್ನ್' ಅನ್ನುವ ಹೆಸರು ಸೂಚಿಸಿದರು. ಓಕ್ ಮರದ ಕಾಯಿಗೆ 'ಏಕಾರ್ನ್' ಅನ್ನುತ್ತಾರೆ. ಒಬ್ಬಾಕೆ ಅದನ್ನು 'ಎಗ್ ಕಾರ್ನ್' ಎಂದು ಬರೆದಿದ್ದರು. ಕಾಯಿಯೂ ಮೊಟ್ಟೆಯ ಆಕಾರದ್ದೇ, ತಪ್ಪೆನ್ನಲು ಮನಸ್ಸು ಬರುವುದಿಲ್ಲ.

ಈಗ ನನ್ನ ಪ್ರಶ್ನೆ. ಎಗ್‌ಕಾರ್ನ್‌ಗೆ ಕನ್ನಡದಲ್ಲಿ ಏನನ್ನೋಣ? 'ಅಪಭ್ರಂಶ' ಒಗ್ಗುವುದಿಲ್ಲ. ಅದರಲ್ಲಿ ಪದದ ರೂಪ ಕೆಡುತ್ತದೆ ಅಷ್ಟೆ, ಇಲ್ಲಿ ತಪ್ಪಿಗೂ ಒಂದು ಅರ್ಥವಿದೆ. ನನಗೆ ಹೊಳೆದದ್ದು 'ಕಿವಿಮೋಸ'. ಆದರೆ ಪಾಪ, ಕಿವಿ ಸರಿಯಾಗೇ ಕೇಳಿಸಿಕೊಂಡಿರುತ್ತದೆ, ಮೋಸ ಹೋಗುವುದು ತಲೆ. ಇದಕ್ಕಿಂತ ಒಪ್ಪುವ ಪದ ಗೊತ್ತಿದ್ದರೆ ಹೇಳಿ. ಕನ್ನಡದಲ್ಲೇ ಹುಟ್ಟಿದ ಇಂಥ ತಪ್ಪುಗಳು ಕಿವಿಗೆ ಬಿದ್ದಿದ್ದರೆ ಅವನ್ನೂ ತಿಳಿಸಿ.