ಪದಚರ್ಚೆ: ‘ಎಕೋ ಕಡಿಮೆ ಮಾಡಿ’ ಅಂದರೆ ಯಾವುದನ್ನು?

ಪ್ರಶ್ನೆ

ಮನೆಯಲ್ಲೇ ಕವರ್ ಹಾಡು ರೆಕಾರ್ಡ್ ಮಾಡಿ ಮಿಕ್ಸ್ ಮಾಡುವ ಹವ್ಯಾಸಿಗಳಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ಅದರಲ್ಲಿ ‘ಎಕೋ’ ಎಂಬ ಒಂದು ಪದ ಹೆಜ್ಜೆಹೆಜ್ಜೆಗೂ ತೊಡಕಾಗಿದೆ. ಹಾಡಿದವರು ‘ಎಕೋ ಜಾಸ್ತಿ ಆಯ್ತು’ ಅಂತ ಬರೆಯುತ್ತಾರೆ, ಮಿಕ್ಸ್ ಮಾಡುವವರು ರಿವರ್ಬ್ (ದನಿಯ ಹಿಂದೆ ನಿಧಾನ ಆರುವ ಗುಂಗನ್ನು ಸೇರಿಸುವ ಎಫೆಕ್ಟ್) ಇಳಿಸುತ್ತಾರೆ, ದೂರು ಹಾಗೇ ಉಳಿಯುತ್ತದೆ. ಅವರು ಹೇಳಿದ್ದು ರಿವರ್ಬನ್ನಲ್ಲ, ಕೋಣೆಯ ಗೋಡೆಗೆ ಬಡಿದು ಮೈಕಿಗೆ ಬಂದ ಸದ್ದನ್ನು. ನಿಘಂಟುಗಳಲ್ಲಿ ಪ್ರತಿಧ್ವನಿ, ಮಾರ್ದನಿ, ಅನುರಣನ ಎಂಬ ಪದಗಳಿವೆ. ಇವುಗಳಲ್ಲಿ ರಿವರ್ಬಿಗೆ ಯಾವುದು, ದನಿಯನ್ನು ತಡೆದು ಮತ್ತೆ ಕೇಳಿಸುವ ಡಿಲೇಗೆ ಯಾವುದು? ಕೋಣೆಯ ಸದ್ದಿಗೆ ಬೇರೆ ಪದ ಬೇಕೇ? ಡ್ರೈ (ಎಫೆಕ್ಟ್ ಇಲ್ಲದ ದನಿ), ವೆಟ್ (ಎಫೆಕ್ಟ್ ಸೇರಿದ ದನಿ) ಎಂಬ ಜೋಡಿಗೆ ‘ಒಣ’, ‘ಹಸಿ’ ಎಂದರೆ ನಡೆದೀತೇ?

ಮೊದಲ ಉತ್ತರ

ಪದ ಹುಡುಕುವ ಮೊದಲು, ಹಾಡುವವರು ‘ಎಕೋ’ ಜೊತೆಗೆ ಯಾವ ಕ್ರಿಯಾಪದ ಬಳಸುತ್ತಾರೆ ಎಂಬುದನ್ನು ಗಮನಿಸಿ. ‘ಎಕೋ ಹಾಕಿ’, ‘ಸ್ವಲ್ಪ ಎಕೋ ಕೊಡಿ’ ಎಂದರೆ ಅದು ಬೇಕೆಂದೇ ಸೇರಿಸುವ ಎಫೆಕ್ಟ್. ‘ಎಕೋ ಹೊಡೀತಿದೆ’, ‘ಎಕೋ ಬರ್ತಿದೆ’ ಎಂದರೆ ಯಾರೂ ಸೇರಿಸದೆ ತಾನಾಗಿ ಬಂದ ದೋಷ. ಆಡುಮಾತು ಎರಡನ್ನೂ ಬೇರೆ ಮಾಡಿಯೇ ಇಟ್ಟಿದೆ. ‘ಜಾಸ್ತಿ’, ‘ಕಡಿಮೆ’ ಎಂದಾಗ ಮಾತ್ರ ಆ ಸುಳಿವು ಅಳಿಸಿಹೋಗುತ್ತದೆ. ಆದ್ದರಿಂದ ಕೈಪಿಡಿಯಲ್ಲಿ ‘ಎಕೋ ಕಡಿಮೆ ಮಾಡಿ’ ಎಂಬ ವಾಕ್ಯವೇ ಬೇಡ. ಆ ಮಾತಿನ ಹಿಂದೆ ಐದು ಬೇರೆ ಬೇರೆ ಸಂಗತಿಗಳಿರುತ್ತವೆ, ಒಂದರ ಪರಿಹಾರ ಇನ್ನೊಂದಕ್ಕೆ ಆಗುವುದಿಲ್ಲ.

ಮೊದಲನೆಯದು ಕೋಣೆ. ನಮ್ಮ ಮನೆಗಳಲ್ಲಿ ನೆಲಕ್ಕೆ ಟೈಲ್ಸ್, ಮೇಲೆ ಆರ್‌ಸಿಸಿ, ಸುತ್ತ ಬೋಳು ಗೋಡೆ. ಸದ್ದು ಒಂದು ಮಿಲಿಸೆಕೆಂಡಿನಲ್ಲಿ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಮೂರು ಮೀಟರ್ ಆಚೆಯ ಗೋಡೆಗೆ ಹೋಗಿ ಬರಲು 17–18 ಮಿಲಿಸೆಕೆಂಡ್ ಸಾಕು. ಇಷ್ಟು ಬೇಗ ಮರಳಿದ ಸದ್ದನ್ನು ಕಿವಿ ಎರಡನೆಯ ದನಿಯೆಂದು ಗುರುತಿಸುವುದಿಲ್ಲ, ಮೂಲದೊಳಗೇ ಬೆರೆಸಿಬಿಡುತ್ತದೆ. ಅದಕ್ಕೇ ದನಿ ತಗಡಿನ ಡಬ್ಬದೊಳಗಿಂದ ಬಂದಂತಿರುತ್ತದೆ. ಪ್ರತಿಧ್ವನಿ ಎಂಬ ಪದ ಇಲ್ಲಿ ನಿಜಕ್ಕೂ ತಪ್ಪು. ಶಾಲೆಯ ಪಾಠದಲ್ಲಿ ಓದಿದ್ದು ನೆನಪಿರಬಹುದು: ಪ್ರತಿಧ್ವನಿ ಬಿಡಿಯಾಗಿ ಕೇಳಬೇಕಾದರೆ 0.1 ಸೆಕೆಂಡ್ ಅಂತರ ಬೇಕು, ಅಂದರೆ ಗೋಡೆ ಕನಿಷ್ಠ 17 ಮೀಟರ್ ದೂರವಿರಬೇಕು. ಮಲಗುವ ಕೋಣೆಯಲ್ಲಿ ಅದು ಸಾಧ್ಯವಿಲ್ಲ. ಇದಕ್ಕೆ ‘ಕೋಣೆಯ ಗುಂಯ್’ ಎಂಬುದೇ ನನ್ನ ಆಯ್ಕೆ. ಒಮ್ಮೆ ಚಪ್ಪಾಳೆ ತಟ್ಟಿದರೆ ಎಲ್ಲರಿಗೂ ಅರ್ಥವಾಗುತ್ತದೆ.

ಗುಂಯ್ ರೆಕಾರ್ಡ್ ಆದ ಮೇಲೆ ತೆಗೆಯುವುದು ಕಷ್ಟ. ತೆಗೆಯುವ ಸಾಫ್ಟ್‌ವೇರ್ ಇವೆ, ಹೆಚ್ಚು ಒತ್ತಿದರೆ ದನಿ ನೀರೊಳಗೆ ಮುಳುಗಿದಂತಾಗುತ್ತದೆ. ಕಂಪ್ರೆಸರ್ ಹಾಕಿದರೆ ಇನ್ನೂ ಕೆಡುತ್ತದೆ: ಜೋರಾದ ಭಾಗವನ್ನು 6 ಡೆಸಿಬೆಲ್ ತಗ್ಗಿಸಿ ಒಟ್ಟು ಮಟ್ಟವನ್ನು 6 ಏರಿಸಿದರೆ, ಪದಗಳ ನಡುವೆ ಅಡಗಿದ್ದ ಗುಂಯ್ ಕೂಡ 6 ಡೆಸಿಬೆಲ್ ಮೇಲೇಳುತ್ತದೆ. ‘ರೆಕಾರ್ಡಿಂಗ್ ಚೆನ್ನಾಗಿತ್ತು, ಮಿಕ್ಸ್‌ನಲ್ಲಿ ಎಕೋ ಬಂತು’ ಎಂಬ ದೂರಿನ ಮೂಲ ಬಹಳ ಸಲ ಇದೇ. ಮದ್ದು ಹಾಡುವ ಮೊದಲೇ ಆಗಬೇಕು. ಕಾರ್ಡಿಯಾಯ್ಡ್ ಮೈಕ್ ಮುಂದಿನ ಸದ್ದನ್ನು ಹೆಚ್ಚು ಹಿಡಿಯುವುದರಿಂದ ಗಾಯಕರ ಬೆನ್ನ ಹಿಂದಿನ ಗೋಡೆಯೇ ಅದರ ಕಣ್ಣಿಗೆ ಬೀಳುವುದು. ಹತ್ತಿಯ ಗಾದಿ ಅಥವಾ ದಪ್ಪ ರಜಾಯಿಯನ್ನು ಅಲ್ಲಿ ತೂಗುಹಾಕಿ. ಹೆಚ್ಚಿನವರು ಮೈಕಿನ ಹಿಂದೆ ಹಾಕಿ ಗಾಯಕರ ಹಿಂದೆ ಬೋಳು ಬಿಡುತ್ತಾರೆ. ಬಾಯಿಗೂ ಮೈಕಿಗೂ ಒಂದು ಗೇಣಿಗಿಂತ ಹೆಚ್ಚು ಬೇಡ, 15ರಿಂದ 20 ಸೆಂಟಿಮೀಟರ್, ನಡುವೆ ಪಾಪ್ ಫಿಲ್ಟರ್ (ಪ, ಬ ಹೇಳುವಾಗಿನ ಉಸಿರಿನ ಹೊಡೆತ ತಡೆಯುವ ಜಾಲರಿ). ದೂರ ಅರ್ಧವಾದರೆ ನೇರ ದನಿ 6 ಡೆಸಿಬೆಲ್ ಏರುತ್ತದೆ, ಗುಂಯ್ ಇದ್ದಷ್ಟೇ ಇರುತ್ತದೆ. ಮೊಟ್ಟೆ ಟ್ರೇ ಅಂಟಿಸುವುದು ವ್ಯರ್ಥ. ತೆಳು ಸ್ಪಾಂಜು ಮೇಲಿನ ಕಂಪನಾಂಕದ ಸದ್ದುಗಳನ್ನಷ್ಟೇ ಹೀರಿ, 200–400 ಹರ್ಟ್ಸ್ ಸುತ್ತಲಿನ ಡಬ್ಬದ ಸದ್ದನ್ನು ಹಾಗೇ ಬಿಡುತ್ತದೆ.

ಎರಡನೆಯದು ರಿವರ್ಬ್. ಸಾವಿರಾರು ಮರುಸದ್ದುಗಳು ಬಿಡಿಯಾಗಿ ಕೇಳದಷ್ಟು ಒತ್ತಾಗಿ ಬಂದು ನಿಧಾನ ಆರುವುದು. ಇದಕ್ಕೆ ಅನುರಣನ ಸರಿಯಾದ ಪದ. ಅಲಂಕಾರಶಾಸ್ತ್ರ ಓದಿದವರಿಗೆ ಘಂಟೆ ಬಾರಿಸಿದ ಮೇಲೆ ಉಳಿಯುವ ನಾದಕ್ಕೆ ಈ ಮಾತು ಹಳೆಯ ಪರಿಚಯ. ಆದರೂ ಎಫೆಕ್ಟ್ ಸೇರಿಸುವ ಸಾಫ್ಟ್‌ವೇರ್, ಅಂದರೆ ಪ್ಲಗಿನ್ ತೆರೆದಾಗ ಕಾಣುವುದು ರಿವರ್ಬ್ ಎಂಬ ಹೆಸರು. ಒಮ್ಮೆ ‘ರಿವರ್ಬ್ ಎಂದರೆ ಅನುರಣನ’ ಎಂದು ಹೇಳಿ ಮುಂದೆ ರಿವರ್ಬ್ ಎಂದೇ ಬರೆಯಿರಿ. ನಮ್ಮ ಹಾಡುಗಳಿಗೆ ಇದರ ಅಳತೆಯನ್ನು ರಾಗ ನೋಡಿ ಇಡಬೇಕು. ಮಾಯಾಮಾಳವಗೌಳದ ನೆಲೆಯ ಹಾಡಿನಲ್ಲಿ ಸ–ರಿ, ಗ–ಮ, ಪ–ದ, ನಿ–ಸ ಎಲ್ಲವೂ ಅರ್ಧ ಸ್ವರದ ಅಂತರ. ರಿವರ್ಬಿನ ಬಾಲ ಉದ್ದವಾದರೆ ರಿಷಭ ಆರುವ ಮುನ್ನ ಷಡ್ಜ ಬಂದು ಎರಡೂ ತಿಕ್ಕಾಡುತ್ತವೆ, ಗಮಕ ಕಲಸಿಹೋಗುತ್ತದೆ. ಅಲ್ಲಿ 1ರಿಂದ 1.2 ಸೆಕೆಂಡ್ ಸಾಕು. ಮೋಹನದಲ್ಲಿ ಅರ್ಧ ಸ್ವರದ ಜೋಡಿಯೇ ಇಲ್ಲದ್ದರಿಂದ, ವಿಳಂಬದ ಭಾವಗೀತೆಗೆ 1.8ರಿಂದ 2 ಸೆಕೆಂಡ್ ಕೊಟ್ಟರೂ ಹಿತವಾಗಿರುತ್ತದೆ. ಪ್ರಿ-ಡಿಲೇ 20–40 ಮಿಲಿಸೆಕೆಂಡ್ ಇಟ್ಟರೆ ಒತ್ತಕ್ಷರ ಸ್ಪಷ್ಟವಾಗಿ ಹೊರಟ ಮೇಲೆ ರಿವರ್ಬ್ ಶುರುವಾಗುತ್ತದೆ. ರಿವರ್ಬನ್ನು ದನಿಯ ಟ್ರ್ಯಾಕಿನ ಮೇಲೇ ಹಾಕದೆ ದನಿಯ ಒಂದು ಪ್ರತಿಯನ್ನು ಬೇರೆ ಬಸ್ಸಿಗೆ (ಎಫೆಕ್ಟಿಗೆಂದೇ ಇಟ್ಟ ಟ್ರ್ಯಾಕಿಗೆ) ಸೆಂಡ್ ಮಾಡಿ ಅಲ್ಲಿ ಹಾಕಿ, 200 ಹರ್ಟ್ಸ್ ಕೆಳಗಿನ ಸದ್ದನ್ನು ಅಲ್ಲೇ ಕತ್ತರಿಸಿ. ಸ, ಶ, ಚ ಚುಚ್ಚುತ್ತಿದ್ದರೆ ಡಿ-ಎಸ್ಸರ್ ರಿವರ್ಬಿನ ಮೊದಲು ಬರಲಿ. ಇಲ್ಲದಿದ್ದರೆ ಪ್ರತಿ ಸಕಾರವೂ ಒಂದೂವರೆ ಸೆಕೆಂಡ್ ಸುಯ್‌ಗುಡುತ್ತದೆ.

ಮೂರನೆಯದು ಡಿಲೇ. ಇದಕ್ಕೆ ‘ಮಾರ್ದನಿ’ ಅಚ್ಚುಕಟ್ಟಾಗಿ ಕೂರುತ್ತದೆ: ಮಾರು ದನಿ, ಮತ್ತೆ ಬಂದ ದನಿ. ಆರ್ಕೆಸ್ಟ್ರಾ ವೇದಿಕೆಯ ಎಕೋ ನಿಜಕ್ಕೆ ಇದೇ. ಅಗ್ಗದ ಮಿಕ್ಸರ್ ಮತ್ತು ಕರಾವೋಕೆ ಆಂಪ್ಲಿಫೈಯರುಗಳಲ್ಲಿ ಹಲವಕ್ಕೆ ಪಿಟಿ2399 ಎಂಬ ಚಿಪ್ ಇರುತ್ತದೆ. ಅದು ದನಿಯನ್ನು ಸುಮಾರು 30ರಿಂದ 340 ಮಿಲಿಸೆಕೆಂಡ್ ತಡೆದು ಮತ್ತೆ ಮತ್ತೆ ಬಿಡುತ್ತದೆ. ಆ ಗುಬುಟಿಗೆ ‘ಎಕೋ’ ಎಂದು ಅಚ್ಚು ಹಾಕಿದ್ದರಿಂದಲೇ ಎಲ್ಲ ಬಗೆಯ ಮರುಸದ್ದಿಗೂ ಆ ಹೆಸರು ಹತ್ತಿಕೊಂಡಿತೆಂದು ನನ್ನ ಅನಿಸಿಕೆ. ಅಳತೆಗೆ 60,000ವನ್ನು ಬಿಪಿಎಂನಿಂದ (ನಿಮಿಷಕ್ಕೆ ಬರುವ ಎಣಿಕೆಗಳ ಸಂಖ್ಯೆ) ಭಾಗಿಸಿ: 90ರ ಲಯಕ್ಕೆ ಒಂದು ಎಣಿಕೆ 667 ಮಿಲಿಸೆಕೆಂಡ್, ಅರ್ಧ ಎಣಿಕೆ 333. ಫೀಡ್‌ಬ್ಯಾಕ್ (ಮರಳಿದ ದನಿ ಮತ್ತೆ ಮರಳುವ ಪ್ರಮಾಣ) 20 ಶೇಕಡಾ ದಾಟಬೇಡಿ. ವೇಗದ ಸಂಗತಿಗಳ (ಸ್ವರಗಳ ಓಟದ) ಮೇಲೆ ಹಾಕಲೇಬೇಡಿ, ಸಾಲಿನ ಕೊನೆಯ ಕಾರ್ವೆಗೆ (ಎಳೆದು ನಿಲ್ಲಿಸಿದ ಸ್ವರಕ್ಕೆ) ಮಾತ್ರ ಆಟೊಮೇಷನ್‌ನಲ್ಲಿ ಸೆಂಡ್ ತೆರೆಯಿರಿ.

ಇನ್ನೆರಡನ್ನು ಚಿಕ್ಕದಾಗಿ ಹೇಳುತ್ತೇನೆ. ಹಾಡುತ್ತಿರುವಾಗಲೇ ‘ನನ್ನ ದನಿ ಎರಡು ಸಲ ಕೇಳ್ತಿದೆ’ ಎಂದರೆ ಅದು ‘ತಡ’, ಲೇಟೆನ್ಸಿ. ಬಫರ್ (ಕಂಪ್ಯೂಟರ್ ಒಮ್ಮೆಗೆ ಕೂಡಿಟ್ಟುಕೊಳ್ಳುವ ದನಿಯ ತುಣುಕು) 512 ಸ್ಯಾಂಪಲ್, ದರ ಸೆಕೆಂಡಿಗೆ 48,000 ಸ್ಯಾಂಪಲ್ ಇದ್ದರೆ ಒಳಬರಲು 10.7 ಮಿಲಿಸೆಕೆಂಡ್, ಹೊರಹೋಗಲು ಮತ್ತಷ್ಟೇ. 128ಕ್ಕೆ ಇಳಿಸಿ ಅಥವಾ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ (ಕಂಪ್ಯೂಟರಿಗೆ ಹೋಗಿ ಬರದೆ ದನಿಯನ್ನು ನೇರ ಕೇಳಿಸುವ ಸೌಲಭ್ಯ) ಬಳಸಿ. ಅದನ್ನು ಬಳಸುವಾಗ ಸಾಫ್ಟ್‌ವೇರಿನ ಮಾನಿಟರಿಂಗ್ ಆಫ್ ಮಾಡಬೇಕು, ಎರಡೂ ಆನ್ ಇದ್ದರೆ ಜೋಡಿ ದನಿ ಖಂಡಿತ. ಬ್ಲೂಟೂತ್ ಹೆಡ್‌ಫೋನ್ ಈ ಕೆಲಸಕ್ಕೆ ಆಗದು. ಹೆಡ್‌ಫೋನಿನಿಂದ ಕರಾವೋಕೆ ಟ್ರ್ಯಾಕ್ ಮೈಕಿಗೆ ನುಸುಳುವುದು ‘ಸೋರಿಕೆ’: ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿ, ಹಾಡಿಲ್ಲದ ಜಾಗಗಳನ್ನು ಕತ್ತರಿಸಿ.

ಎರಡನೆಯ ಉತ್ತರ

ಮಾರ್ದನಿಗೂ ಅನುರಣನಕ್ಕೂ ಉದಾಹರಣೆ ಬೇಕಿದ್ದರೆ ವಿಜಯಪುರದ ಗೋಳಗುಮ್ಮಟ ಇದೆ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಎದುರು ಬದಿಗೆ ಹೋಗಿ ಬಂದ ಸದ್ದಿಗೆ ಸುಮಾರು 220 ಮಿಲಿಸೆಕೆಂಡ್ ಬೇಕು. ಹಾಗಾಗಿ ಅಲ್ಲಿ ಚಪ್ಪಾಳೆ ಬಿಡಿಬಿಡಿಯಾಗಿ ಮರಳುತ್ತದೆ, ಅದು ಮಾರ್ದನಿ. ಕಲ್ಲಿನ ಗುಡಿಯ ನವರಂಗದಲ್ಲಿ ಗೋಡೆಗಳು ಹತ್ತಿರ, ಎಣಿಸಲು ಏನೂ ಸಿಗದು, ದನಿ ತುಂಬಿ ನಿಲ್ಲುತ್ತದೆ, ಅದು ಅನುರಣನ.

‘ಒಣ’, ‘ಹಸಿ’ ಜೋಡಿಯನ್ನು ದಯವಿಟ್ಟು ಕೈಬಿಡಿ. ಕನ್ನಡದಲ್ಲಿ ಹಸಿ ಎಂದರೆ ಒದ್ದೆ ಎಂದೂ ಆಗುತ್ತದೆ, ಬೇಯಿಸದ್ದು ಎಂದೂ ಆಗುತ್ತದೆ. ‘ಹಸಿ ದನಿ ಕಳಿಸಿ’ ಎಂದು ಬರೆದರೆ ಅರ್ಧ ಜನ ಏನೂ ಸೇರಿಸದ ರೆಕಾರ್ಡಿಂಗ್ ಕಳಿಸುತ್ತಾರೆ, ಇನ್ನರ್ಧ ರಿವರ್ಬ್ ತುಂಬಿದ್ದನ್ನು. ‘ಒಣ ದನಿ’ ಎಂದರೆ ಗಂಟಲು ಒಣಗಿದೆ ಎಂಬ ಅರ್ಥವೇ ಮೊದಲು ಬರುತ್ತದೆ. ‘ಬರೀ ದನಿ’ ಎಂಬುದು ಎಲ್ಲರ ಬಾಯಲ್ಲೂ ಇರುವ ಮಾತು, ಡ್ರೈಗೆ ಅದು ಸಾಕು. ವೆಟ್‌ಗೆ ‘ಎಫೆಕ್ಟ್ ಸೇರಿದ್ದು’ ಎನ್ನಿ. ಮಿಕ್ಸ್ ಮಾಡುವವರಿಗೆ ಕಳಿಸುವ ಚೀಟಿಯ ಮಾದರಿಯನ್ನು ಕೈಪಿಡಿಯಲ್ಲಿ ಹೀಗೆ ಕೊಡಬಹುದು: ‘ಬರೀ ದನಿ, ರಿವರ್ಬ್ ಮತ್ತು ಡಿಲೇ ಇಲ್ಲ, ಕಂಪ್ರೆಸರ್ ಇಲ್ಲ. 24 ಬಿಟ್, 48 ಕಿಲೋಹರ್ಟ್ಸ್ ವೇವ್ ಫೈಲ್. ಅತಿ ಜೋರಾದ ಜಾಗ ಮೈನಸ್ 6 ಡೆಸಿಬೆಲ್. ಹಾಡು ನಡುವೆ ಶುರುವಾದರೂ ಫೈಲ್ ಕರಾವೋಕೆಯ ಸೊನ್ನೆಯಿಂದಲೇ ಶುರು. ಶ್ರುತಿ ಒಂದೂವರೆ ಮನೆ. ನನಗೆ ಬೇಕಾದ ರಿವರ್ಬ್ ಹೇಗಿರಬೇಕೆಂದು ತಿಳಿಸಲು ಎಫೆಕ್ಟ್ ಸೇರಿದ್ದನ್ನು ಬೇರೆ ಫೈಲಾಗಿ ಇಟ್ಟಿದ್ದೇನೆ.’