ಅಪ್‌ಡೇಟ್: ಗಿಟಾರಿನ ಆ ಮಂದ ನಾದ ಕೊನೆಗೂ ಕೈಗೆ ಸಿಕ್ಕಿತು

ಇಂದಿನ ಇಂಡಿ ಫೋಕ್ ಹಾಡುಗಳಲ್ಲಿ ಕೇಳಿಬರುವ, ಮೀಟಿದೊಡನೆ ಅಡಗಿಬಿಡುವ ಗಿಟಾರ್ ನಾದವನ್ನು ನನ್ನ ಸಾಧಾರಣ ಅಕೌಸ್ಟಿಕ್ ಗಿಟಾರಿನಲ್ಲಿ ಪಡೆಯುವುದು ಹೇಗೆಂದು ಕಳೆದ ತಿಂಗಳು ಕೇಳಿದ್ದೆ. ಬ್ರಿಡ್ಜ್ (ಗಿಟಾರಿನ ಒಡಲ ಮೇಲೆ ತಂತಿಗಳನ್ನು ಹಿಡಿದಿಡುವ ಪಟ್ಟಿ) ಬಳಿ ಅಂಗೈ ಒತ್ತಿ ನುಡಿಸಿ ಎಂದು ಕೆಲವರು, ತಂತಿಗಳ ಕೆಳಗೆ ಸ್ಪಂಜು ಇಡಿ ಎಂದು ಕೆಲವರು ತಿಳಿಸಿದ್ದಿರಿ, ಎಲ್ಲರಿಗೂ ಕೃತಜ್ಞತೆಗಳು.

ಅಂಗೈ ಒತ್ತಿದರೆ ಬೆರಳುಗಳಿಂದ ಬಿಡಿಬಿಡಿಯಾಗಿ ಮೀಟುವುದು ನನಗೆ ಕಷ್ಟವಾಯಿತು. ಸ್ಪಂಜು ಫಲ ಕೊಟ್ಟಿತು. ಮಡಿಕೇರಿಯ ಮನೆಯಲ್ಲಿ, ಹೊರಗೆ ಮಳೆ ಬಿಡದೆ ಸುರಿಯುತ್ತಿದ್ದ ಒಂದು ಸಂಜೆ, ಪಾತ್ರೆ ತೊಳೆಯುವ ಹೊಸ ಸ್ಪಂಜನ್ನು ಕಿರುಬೆರಳಿನಷ್ಟು ಅಗಲಕ್ಕೆ ಕತ್ತರಿಸಿ, ತಂತಿಗಳಿಗೆ ಹಗುರವಾಗಿ ತಾಗುವಂತೆ ಬ್ರಿಡ್ಜಿನ ಮೇಲೆ ತಂತಿಗಳು ಆತು ನಿಲ್ಲುವ ಸಣ್ಣ ಪಟ್ಟಿಯಾದ ಸ್ಯಾಡಲ್‌ ಪಕ್ಕಕ್ಕೇ ಕೂರಿಸಿದೆ. ಸ್ವಲ್ಪ ಮುಂದೆ ಸರಿದರೂ ಸ್ವರ ಸತ್ತು ಬರಿಯ ಟಪ್ ಸದ್ದು ಉಳಿಯುತ್ತದೆ. ಸ್ಯಾಡಲ್‌ಗೆ ಅಂಟಿಕೊಂಡಿದ್ದರೆ ಸ್ವರ ಸ್ಪಷ್ಟ, ಝೇಂಕಾರ ಮಾತ್ರ ಮಾಯ. ಮೃದುವಾದ ವಸ್ತುವು ಮೇಲಿನ ಹಾರ್ಮೋನಿಕ್‌ಗಳನ್ನು (ಮೂಲ ಸ್ವರದೊಡನೆ ಹುಟ್ಟುವ ಎತ್ತರದ ಉಪಸ್ವರಗಳನ್ನು) ಬೇಗ ಹೀರಿಕೊಳ್ಳುವುದೇ ಇದಕ್ಕೆ ಕಾರಣ.

ಅಂಥ ಅನೇಕ ಹಾಡುಗಳ ಹಿಂದಿರುವುದು ರಬ್ಬರ್ ಬ್ರಿಡ್ಜ್ ಗಿಟಾರ್. ಹಳೆಯ, ಅಗ್ಗದ ಗಿಟಾರುಗಳ ಬ್ರಿಡ್ಜಿಗೆ ರಬ್ಬರ್ ಹೊದಿಸಿ, ಫ್ಲಾಟ್‌ವೌಂಡ್ ತಂತಿ (ಚಪ್ಪಟೆ ಲೋಹದ ಎಳೆ ಸುತ್ತಿದ ನುಣುಪಾದ ತಂತಿ) ಕಟ್ಟುವ ಈ ಕ್ರಮವನ್ನು ಲಾಸ್ ಏಂಜಲೀಸ್‌ನ ಗಿಟಾರ್ ಅಂಗಡಿಯ ರೂಬೆನ್ ಕಾಕ್ಸ್ ಜನಪ್ರಿಯಗೊಳಿಸಿದರು. ನಾನೂ ಫ್ಲಾಟ್‌ವೌಂಡ್ ತಂತಿ ತರಿಸಿದೆ. ಬೆರಳು ಜಾರುವಾಗಿನ ಕೀಚಲು ಸದ್ದು ನಿಂತೇಹೋಯಿತು, ಅಷ್ಟಕ್ಕೇ ಆ ಹಣ ಸಾರ್ಥಕವೆನ್ನಿಸಿತು. ಧ್ವನಿ ತಗ್ಗಿರುವುದರಿಂದ ಮೈಕನ್ನು ತೀರ ಹತ್ತಿರವಿಟ್ಟು ಮುದ್ರಿಸಬೇಕಾಗಿದೆ. ಹೆಂಚಿನ ಮೇಲಿನ ಮಳೆಯ ಸದ್ದೂ ಅದರೊಳಗೆ ಬರುವುದರಿಂದ, ಮಳೆ ಹೊಳವಾದ ಕೂಡಲೇ ಮುದ್ರಿಸಿ ನಿಮಗೆ ಕೇಳಿಸುತ್ತೇನೆ.